ಹೆದಿಸ್ತೆ ಬಿಡಿಸಿದ ಟೋಪಿ

ಗ್ರೀಕರ ಬಂದರಾದ ನಮ್ಮ ಮಿಲೇತಸ್ ಊರಿನ ಉಣ್ಣೆ ಎಷ್ಟು ನುಣುಪೆಂದರೆ, ಮುಟ್ಟಿದವರಿಗೆ ಸ್ವಲ್ಪ ಹೊತ್ತು ಮಾತೇ ಬೇಡವಾಗುತ್ತದೆ. ನನ್ನ ಅತ್ತಿಗೆ ಹೆದಿಸ್ತೆ ಹುಟ್ಟಿದಾಗಿನಿಂದ ಅದನ್ನೇ ಮುಟ್ಟಿಕೊಂಡಿದ್ದವಳು, ಹಾಗಾಗಿ ಅವಳದು ಮಾತು ಕಡಿಮೆ. ಆ ಕೊರತೆಯನ್ನು ನಾನು ತುಂಬುತ್ತಿದ್ದೆ.

ಟೋಪಿ, ಕಂಬಳಿ ಮಾಡುವುದು ಅವಳ ಕಸುಬು. ನೇಯ್ದು ಮಾಡುವುದಲ್ಲ. ಬಿಡಿ ಉಣ್ಣೆಯನ್ನು ಚಾಪೆಯ ಮೇಲೆ ಹರಡಿ, ಬಿಸಿನೀರು ಚಿಮುಕಿಸಿ, ಸುತ್ತಿ, ಮೊಣಕೈಯಿಂದ ಒತ್ತಿ ಒತ್ತಿ ಉರುಳಿಸುವುದು. ಬೆಳಿಗ್ಗೆ ಮೋಡದ ಹಾಗಿದ್ದದ್ದು ಮಧ್ಯಾಹ್ನದೊಳಗೆ ಚಕ್ಕಳದ ಹಾಗೆ ಗಟ್ಟಿಯಾಗುತ್ತಿತ್ತು. ಬಂದರಿನ ಹಡಗಿನವರೆಲ್ಲ ಅವಳು ಮಾಡಿದ ಟೋಪಿಯನ್ನೇ ಹಾಕುತ್ತಿದ್ದರು. ನನ್ನ ಅಣ್ಣ ಬಿಯೋನ್ ಅವಳನ್ನು ಕಂಡದ್ದೂ ಟೋಪಿ ಕೊಳ್ಳಲು ಹೋದಾಗಲೇ. ಒಂದೇ ತಲೆಗೆ ನಾಲ್ಕು ಟೋಪಿ ಕೊಂಡ ಮೇಲೆ ಅವಳ ಅಪ್ಪನೇ, "ಮದುವೆ ಆಗ್ಬಿಡಪ್ಪ, ನನ್ನ ಉಣ್ಣೆಯಾದ್ರೂ ಉಳಿಯುತ್ತೆ" ಎಂದನಂತೆ.

ಮದುವೆಯಾದ ಮೂರನೆಯ ವರ್ಷ ಅಣ್ಣ ಗೋಧಿ ತರಲು ಉತ್ತರದ ಕಡಲಿಗೆ ಹೋದ. ಹಡಗು ಮರಳಲಿಲ್ಲ. ಒಂದು ಹುಟ್ಟು, ಎರಡು ಹಲಗೆ ತೇಲುತ್ತಿದ್ದವೆಂದು ಬೇರೆ ಹಡಗಿನವರು ಹೇಳಿದರು, ಅಷ್ಟೆ.

ಕಡಲು ನುಂಗಿದವನಿಗೆ ನಮ್ಮಲ್ಲಿ ಒಳಗೆ ಹೆಣವಿಲ್ಲದ ಗೋರಿ ಕಟ್ಟುತ್ತಾರೆ. ಯಾರ ಗೋರಿಯಾದರೂ ಅದರ ಮುಂದೆ ನಿಂತು ಹೆಸರು ಹಿಡಿದು ಮೂರು ಸಲ ಕರೆಯಬೇಕು. ಕರೆದರೆ ಸತ್ತವನಿಗೆ ನೆಲೆ ಸಿಗುತ್ತದೆ, ಇಲ್ಲದಿದ್ದರೆ ನೀರಿನ ಮೇಲೆ ಅಲೆಯುತ್ತಾನೆ. ಮೊದಲು ಹೆಂಡತಿ ಕರೆಯಬೇಕು, ಆಮೇಲೆ ಹೆತ್ತವಳು, ಆಮೇಲೆ ಒಡಹುಟ್ಟಿದವರು. ಇದು ನಮ್ಮ ಬೀದಿಯ ಕಟ್ಟಳೆ. ಅತ್ತಿಗೆ ಒಲ್ಲೆನೆಂದಳು. ಒಂದು ವರ್ಷವಲ್ಲ, ಒಂಬತ್ತು ವರ್ಷ. ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದಳು. "ಕಣ್ಣು ಮುಚ್ಚೋದ್ರೊಳಗೆ ನನ್ನ ಮಗನ್ನ ಒಂದ್ಸಲ ಕರೀಬೇಕು" ಎನ್ನುವುದೊಂದೇ ಅವಳ ಬಾಯಲ್ಲಿ.

ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಅತ್ತಿಗೆ, ನಿನ್ನ ಹಟಕ್ಕೆ ಅಮ್ಮ ಯಾಕೆ ನರಳಬೇಕು? ಮೂರು ಸಲ ಕೂಗಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ಕೂಗಿದ್ರೆ ಅವರು ಸತ್ತುಹೋಗ್ತಾರೆ ಕಣೇ."

"ಸತ್ತು ಒಂಬತ್ತು ವರ್ಷ ಆಯ್ತು!"

"ನಾನಿನ್ನೂ ಕೂಗಿಲ್ವಲ್ಲ" ಎಂದು ಅವಳು ಚಾಪೆ ಉರುಳಿಸತೊಡಗಿದಳು.

ಆ ದಿನಗಳಲ್ಲಿ ಊರಿನ ಗಂಡಸರಿಗೆ ಒಂದು ಹೊಸ ಚಟ ಹತ್ತಿತ್ತು. ಗುಡುಗಿದರೆ ದೇವರಿಗೆ ಸಿಟ್ಟು ಬಂತು ಎನ್ನುತ್ತಿರಲಿಲ್ಲ, ಗಾಳಿ ಮೋಡವನ್ನು ಸೀಳಿತು ಎನ್ನುತ್ತಿದ್ದರು. ಎಲ್ಲಕ್ಕೂ ಮೂಲ ನೀರೋ ಗಾಳಿಯೋ ಎಂದು ಅಂಜೂರ ಮೆಲ್ಲುತ್ತ ಜಗಳವಾಡುತ್ತಿದ್ದರು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಎಂದು ನಾನು ನಗುತ್ತಿದ್ದೆ. ಅವರಲ್ಲೊಬ್ಬ ಫಾನೋ ಎಂಬ ನರೆಗಡ್ಡದ ಮುದುಕ. ಚಳಿಗೆ ನಮ್ಮ ಹಂಡೆಯ ಪಕ್ಕ ಕೂರಲೆಂದೇ ಅಂಗಳಕ್ಕೆ ಬರುತ್ತಿದ್ದ.

ಒಂದು ಬೆಳಿಗ್ಗೆ ಕೊಲ್ಲಿಯ ಮಂಜು ಅಂಗಳದೊಳಗೇ ಬಂದು ಕೂತಿತ್ತು. ಮಂಜು ಎಲ್ಲಿ ಮುಗಿದು ಹಂಡೆಯ ಹಬೆ ಎಲ್ಲಿ ಶುರುವಾಗುತ್ತದೆ, ಹಬೆ ಎಲ್ಲಿ ಮುಗಿದು ಉಣ್ಣೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ. ಆ ಬೆಳ್ಳನೆಯದರಲ್ಲಿ ಅತ್ತಿಗೆಯ ಕೈಗಳು ಮಾತ್ರ ಕಾಣುತ್ತಿದ್ದವು, ಮರೆಯಾಗುತ್ತಿದ್ದವು. ಫಾನೋ ಅವನ್ನೇ ನೋಡುತ್ತಿದ್ದ.

"ನೀನು ಮಾಡೋದನ್ನೇ ಲೋಕಾನೂ ಮಾಡುತ್ತೆ ಕಣಮ್ಮ. ಗಾಳಿ ಒತ್ತಿದ್ರೆ ಮಂಜು, ಇನ್ನೂ ಒತ್ತಿದ್ರೆ ನೀರು, ಆಮೇಲೆ ಮಣ್ಣು, ಕಲ್ಲು. ಸಡಿಲ ಆದ್ರೆ ಮತ್ತೆ ಗಾಳಿ. ಇರೋದೆಲ್ಲ ಒಂದೇ. ಯಾವುದೂ ಇಲ್ಲದೆ ಹೋಗಲ್ಲ."

ಅತ್ತಿಗೆಯ ಕೈ ನಿಂತಿತು. "ಯಾವುದೂ?"

"ಯಾವುದೂ."

"ಒತ್ತಿದ ಉಣ್ಣೆ ಮತ್ತೆ ಸಡಿಲ ಆಗಲ್ಲ ತಾತ. ನಮ್ಮಪ್ಪನ ಕಾಲದಿಂದ್ಲೂ ಆಗಿಲ್ಲ."

"ಯಾವತ್ತಾದ್ರೂ ಬಿಡಿಸಿ ನೋಡಿದ್ದೀಯಾ?"

ಯಾರು ನೋಡುತ್ತಾರೆ? ಆದರೆ ಮರುದಿನ ಅತ್ತಿಗೆ ಪೆಟ್ಟಿಗೆಯಿಂದ ಅಣ್ಣನ ಟೋಪಿ ತೆಗೆದಳು. ನಾಲ್ಕರಲ್ಲಿ ಉಳಿದದ್ದು ಅದೊಂದೇ. ಮೂಳೆಯ ಬಾಚಣಿಗೆ ಹಿಡಿದು ಅಂಚಿನಿಂದ ಬಿಡಿಸುತ್ತ ಕೂತಳು.

"ಹುಚ್ಚು ಹಿಡೀತಾ ನಿಂಗೆ? ಆ ಮುದುಕನಿಗೆ ಹೊತ್ತು ಹೋಗಲ್ಲ, ಏನೋ ಬೊಗಳ್ತಾನೆ. ಇಟ್ಬಿಡು ಅದನ್ನ!" ಎಂದು ನಾನು ಕಿತ್ತುಕೊಳ್ಳಲು ಹೋದೆ.

"ಇದು ಬಿಡಿಸಿ ಮತ್ತೆ ಉಣ್ಣೆ ಆದ್ರೆ ನೀನು ಗೆದ್ದೆ ಅಂದ್ಕೋ. ಯಾವುದೂ ಕಳೆದುಹೋಗಲ್ಲ ಅಂತಾದ್ರೆ, ಕೂಗೋಕೆ ನಂಗೇನು ಭಯ?"

ಚಳಿಗಾಲವೆಲ್ಲ ಬಿಡಿಸಿದಳು. ಬಿಸಿಲು ಬಿದ್ದ ಗೋಡೆಗೆ ಒರಗಿ, ಕಣ್ಣು ಕಿರಿದು ಮಾಡಿ, ಮಗುವಿನ ತಲೆಯಲ್ಲಿ ಹೇನು ನೋಡುವವಳ ಹಾಗೆ ಒಂದೊಂದೇ ಎಳೆ. ಒಳಗಿನಿಂದ ಅಮ್ಮ, "ಕರೆದ್ಲೇನೇ?" ಎನ್ನುವಳು. "ಇನ್ನೂ ಇಲ್ಲಮ್ಮ" ಎನ್ನುತ್ತಿದ್ದೆ. ಆಗ ಅತ್ತಿಗೆಯನ್ನು ಎಷ್ಟು ದ್ವೇಷಿಸುತ್ತಿದ್ದೆನೋ ಅಷ್ಟೇ ಅವಳ ಪಕ್ಕ ಕೂರಬೇಕೆಂದೂ ಅನ್ನಿಸುತ್ತಿತ್ತು.

ಆಲಿವ್ ಹೂ ಬಿಡುವ ಹೊತ್ತಿಗೆ ಅವಳ ಮಡಿಲಲ್ಲಿ ಟೋಪಿ ಇರಲಿಲ್ಲ. ತುಂಡು ತುಂಡಾದ ಎಳೆಗಳು ಒಂದು ಹಿಡಿ ಇದ್ದವು. ಬಿಸಿನೀರು ಚಿಮುಕಿಸಿ ಒತ್ತಿ ನೋಡಿದಳು, ಕೂಡಲಿಲ್ಲ. ಒಣಗಿಸಿ ಅಂಗೈಯಲ್ಲಿ ಹಿಡಿದಳು. ಕಡಲ ಗಾಳಿ ಬಂದು ಅದನ್ನು ಎತ್ತಿಕೊಂಡಿತು. ಗೋಡೆಯ ಮೇಲೆ, ಅಂಜೂರದ ಮರದ ಮೇಲೆ, ಬಿಸಿಲಲ್ಲಿ ಒಂದಿಷ್ಟು ಹೊತ್ತು ಹೊಳೆದು, ಆಮೇಲೆ ಯಾವುದು ಎಳೆ ಯಾವುದು ಬಿಸಿಲು ಎಂದು ಗೊತ್ತಾಗಲಿಲ್ಲ.

"ಮುದುಕ ಸುಳ್ಳು ಹೇಳಿಲ್ಲ ಕಣೇ" ಎಂದಳು ಅತ್ತಿಗೆ. "ಎಲ್ಲೂ ಹೋಗಿಲ್ಲ, ಇಲ್ಲೇ ಎಲ್ಲೋ ಇದೆ. ಆದ್ರೆ ಟೋಪಿ ಮಾತ್ರ ಅಲ್ಲ. ಇನ್ಯಾವತ್ತೂ ಟೋಪಿ ಆಗಲ್ಲ."

ಬಾಚಣಿಗೆಯನ್ನು ಪೆಟ್ಟಿಗೆಯಲ್ಲಿಟ್ಟು, "ಅತ್ತೇನ ಎಬ್ಬಿಸು" ಎಂದಳು.

ಅಮ್ಮನನ್ನು ಕಂಬಳಿಯಲ್ಲಿ ಸುತ್ತಿ, ಕತ್ತೆಯ ಮೇಲೆ ಕೂರಿಸಿ ದಡದ ಗೋರಿಗೆ ಕರೆದೊಯ್ದೆವು. ಅತ್ತಿಗೆ ಮೂರು ಸಲ ಕರೆದಳು. ಅವಳಿಗೆ ಅಷ್ಟು ದೊಡ್ಡ ಗಂಟಲಿದೆಯೆಂದು ನನಗೆ ಅಂದೇ ತಿಳಿದದ್ದು. ಆಮೇಲೆ ಅಮ್ಮ. ಅವಳಿಗೆ ಶಾಸ್ತ್ರವೆಲ್ಲ ಮರೆತುಹೋಗಿತ್ತು. "ಬಿಯೋನ್, ಬಾರೋ, ರೊಟ್ಟಿ ತಣ್ಣಗಾಯ್ತು" ಎಂದು ಮೂರು ಸಲವೂ ಹಾಗೆಯೇ ಕರೆದಳು.

ನನ್ನ ಸರದಿ ಬಂತು. ಒಂಬತ್ತು ವರ್ಷ ಇದಕ್ಕಾಗಿಯೇ ಅತ್ತಿಗೆಯ ಜೀವ ಹಿಂಡಿದವಳು ನಾನು. ಬಾಯಿ ತೆರೆದೆ. ಸ್ವರ ಬರಲಿಲ್ಲ. ಅವಳು ಒಲ್ಲೆನ್ನುತ್ತಿದ್ದಷ್ಟು ದಿನ ನನ್ನ ಅಣ್ಣನೂ ಸತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

ಅತ್ತಿಗೆ ಒಂದೂ ಚುಚ್ಚುಮಾತಾಡಲಿಲ್ಲ. ಬೆನ್ನು ಸವರಿ, "ಆತುರ ಇಲ್ಲ ಕಣೇ, ಆದಾಗ ಕರಿ" ಎಂದಳು.

ಅದೇ ಬೇಸಿಗೆಯಲ್ಲಿ ಅಮ್ಮ ಹೋದಳು. ಕಳೆದ ವರ್ಷ ಅತ್ತಿಗೆಯೂ ಹೋದಳು. ಇಬ್ಬರನ್ನೂ ಗಂಟಲು ಬಿರಿಯುವಂತೆ ಮೂರು ಮೂರು ಸಲ ಕರೆದೆ. ಅಣ್ಣನನ್ನು ಮಾತ್ರ ಇನ್ನೂ ಕರೆದಿಲ್ಲ.