ಅಜ್ಜಿಯ ಮಾತಿದ್ದ ಪುಟ

ಗದಗಿನ ಕಾಲೇಜಿನಲ್ಲಿ ನಾನು ಎಂ.ಎ. ಸಮಾಜಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತೇನೆ. ಕೃತಕ ಬುದ್ಧಿಮತ್ತೆ ಎಲ್ಲರ ಮೊಬೈಲಿಗೂ ಬಂದ ಮೇಲೆ ಅವರ ಸಂಶೋಧನಾ ಪ್ರಬಂಧಗಳನ್ನು ತಿದ್ದುವುದೆಂದರೆ ನನಗೆ ಬೇಸರವಾಗಿಬಿಟ್ಟಿತ್ತು. ಶಿರಹಟ್ಟಿಯ ಹುಡುಗ ಬರೆದದ್ದೂ ಮುಂಡರಗಿಯ ಹುಡುಗಿ ಬರೆದದ್ದೂ ಒಬ್ಬರೇ ಬರೆದಂತಿರುತ್ತಿತ್ತು.

ಹೋದ ವರ್ಷ ಬೆಟಗೇರಿಯ ನೇಕಾರ ಮನೆತನದ ಹುಡುಗಿಯೊಬ್ಬಳು ತನ್ನ ಓಣಿಯ ಹೆಂಗಸರ ಬಗ್ಗೆ ಪ್ರಬಂಧ ಕೊಟ್ಟಳು. ಅದೂ ಹಾಗೆಯೇ ನುಣ್ಣಗಿತ್ತು. ಅಂಕ ಹಾಕಿ ಪಕ್ಕಕ್ಕಿಡಬೇಕು ಎನ್ನುವಷ್ಟರಲ್ಲಿ ನಡುವಿನ ಒಂದು ಪುಟ ಕಣ್ಣಿಗೆ ಬಿತ್ತು. ಅಲ್ಲಿ ಅವಳ ಅಜ್ಜಿ ಮಾತಾಡಿದ್ದಳು: "ಮಗ್ಗ ಮಾರಿದ ಮ್ಯಾಲ ಮನಿ ದೊಡ್ಡದಾತು. ಆದ್ರ ಎಲ್ಲಿ ಕುಂಡ್ರಬೇಕಂತ ತಿಳೀವಲ್ದು."

ಮರುದಿನ ಹುಡುಗಿಯನ್ನು ಕರೆಸಿದೆ.

"ಈ ಪುಟ ಯಾರು ಬರದದ್ದವ್ವಾ?"

"ನಾನರಿ ಮೇಡಂ."

"ಉಳಿದದ್ದು?"

"ಅದು ಮೊಬೈಲ್‌ನಾಗ ಬರಸಿದ್ದರಿ," ಎಂದಳು. "ಅಜ್ಜಿ ಮಾತನ್ನೂ ಅದು ಚಂದ ಮಾಡಿ ಕೊಡ್ತು. ಖರೆ, ಅದು ನಮ್ಮ ಅಜ್ಜಿ ಮಾತು ಅನಸಲಿಲ್ಲರಿ. ಅದಕ್ಕ ಆ ಪುಟ ನಾನ ಬರದೆ."

"ಮತ್ತ ಎಲ್ಲಾನೂ ಹಂಗ ಯಾಕ ಬರೀಲಿಲ್ಲ?"

"ನನ್ನ ಕನ್ನಡಕ್ಕ ಅಂಕ ಬರೂದಿಲ್ಲ ಅನ್ಕೊಂಡಿದ್ದೆರಿ."

ಬೈಯಲು ಸಿದ್ಧಳಾಗಿ ಕುಳಿತಿದ್ದ ನಾನು ಪ್ರಬಂಧವನ್ನು ಅವಳ ಕೈಗೇ ಮರಳಿ ಕೊಟ್ಟೆ. "ಪೂರ್ತಿ ಮತ್ತೊಮ್ಮಿ ಬರಿ. ನಿನಗ ಬಂದಂಗ ಬರಿ. ತಪ್ಪಿದ್ರ ತಿದ್ದಾಕ ನಾ ಅದೀನಿ," ಎಂದೆ.

ಅವಳು ಮತ್ತೆ ಮನೆಮನೆಗೆ ಹೋದಳು. ಬರೆದದ್ದನ್ನು ಆ ಹೆಂಗಸರಿಗೇ ಓದಿ ಹೇಳಿದಳಂತೆ. ಒಬ್ಬಾಕೆ "ನಾ ಹಂಗ ಅಂದಿಲ್ಲ" ಎಂದು ಜಗಳ ತೆಗೆದು, ಮೊದಲು ಹೇಳದೇ ಇದ್ದದ್ದನ್ನೆಲ್ಲ ಹೇಳಿದಳಂತೆ. ಹೊಸ ಪ್ರಬಂಧ ಮೊದಲಿನದಕ್ಕಿಂತ ಬಹಳ ಚಿಕ್ಕದಿತ್ತು, ಒತ್ತಕ್ಷರಗಳು ತಪ್ಪಿದ್ದವು. ಎಷ್ಟೋ ದಿನಗಳ ಮೇಲೆ ಮೊದಲ ಸಲ, ಮುಂದೇನಾಯಿತೋ ಎಂಬ ಕುತೂಹಲದಿಂದ ಪುಟ ತಿರುವಿದೆ. ನಗು ಬಂದ ಕಡೆ ಪಕ್ಕದ ಮೇಜಿನ ಸಹೋದ್ಯೋಗಿಗೂ ಓದಿ ಹೇಳಿದೆ. ಅವರು ತಾವು ತಿದ್ದುತ್ತಿದ್ದ ಪ್ರಬಂಧಗಳ ಕಟ್ಟು ಬಿಟ್ಟು ಕುರ್ಚಿ ಎಳೆದುಕೊಂಡು ಬಂದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಏನು ಕೇಳಿದರೂ ಅವಳು ತಡವರಿಸಲಿಲ್ಲ. ಆ ಮನೆಗಳನ್ನು ಕಂಡು ಬಂದವಳಲ್ಲವೇ. ಒಳ್ಳೆಯ ಅಂಕ ಬಂತು. "ನಿಮ್ಮಿಂದ ಬಾಳ ಉಪಕಾರ ಆತರಿ," ಎಂದು ಕೈಮುಗಿದಾಗ ನನಗೇ ಸಂಕೋಚವಾಯಿತು.

"ಉಪಕಾರ ನಂದಲ್ಲವ್ವಾ, ನಿಂದು," ಎಂದೆ. ಅರ್ಥವಾಗದೆ ನಕ್ಕಳು. ಓದುವ ಸುಖವನ್ನು ಅವಳು ನನಗೆ ಮರಳಿ ಕೊಟ್ಟಿದ್ದಳು.

ಈ ವರ್ಷ ಪ್ರಬಂಧ ಶುರುವಾಗುವ ಮೊದಲೇ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕೂಡಿಸಿಕೊಂಡು, ಕಂಡದ್ದನ್ನು ಅವರದೇ ಮಾತಿನಲ್ಲಿ ಹೇಳಿಸುತ್ತಿದ್ದೇನೆ. ನಿನ್ನೆ ಕಳಸಾಪುರದವನೊಬ್ಬ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರ ಹರಟೆಯ ಬಗ್ಗೆ ಹೇಳಲು ಶುರು ಮಾಡಿದವನು, ಗಂಟೆ ಹೊಡೆದರೂ ಏಳಲಿಲ್ಲ.