ಸೂಜಿ ವೈದ್ಯನ ಮೇಲೆ ಬರೆದ ಮೂಗರ್ಜಿ

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಬಬಲೇಶ್ವರದಲ್ಲಿ ಆಯುರ್ವೇದದ ಔಷಧಿ ಕೊಡುತ್ತಿದ್ದೆ. ಬೆಂಗಳೂರಿನಿಂದ ಬಂದ ನೋಂದಣಿ ಪತ್ರಕ್ಕೆ ಗಾಜಿನ ಕಟ್ಟು ಹಾಕಿಸಿ, ಒಳಗೆ ಕಾಲಿಟ್ಟವರಿಗೆ ಮೊದಲು ಅದೇ ಕಾಣುವಂತೆ ತೂಗುಹಾಕಿದ್ದೆ. ಆ ಕಾಗದಕ್ಕಾಗಿ ಮೂರು ವರ್ಷ ಅಲೆದಿದ್ದೆ.

ಆಗ ತಿಕೋಟಾದಲ್ಲಿ ಸೂಜಿ ಚುಚ್ಚಿ ನೋವು ಕಳೆಯುವವನೊಬ್ಬ ಬಂದು ಕೂತ. ಅಲ್ಲಿಯದೇ ಮುಸ್ಲಿಂ ಮನೆತನದವನು. ಕಲ್ಕತ್ತೆಯಲ್ಲಿ ಚೀನೀ ವೈದ್ಯನೊಬ್ಬನ ಕೈಕೆಳಗೆ ದುಡಿದು ಕಲಿತಿದ್ದನಂತೆ. ಕೂದಲಿನಷ್ಟು ತೆಳ್ಳನೆಯ ಸೂಜಿಗಳು, ಔಷಧಿಯೇ ಇಲ್ಲ. ನಾನು ನಕ್ಕುಬಿಟ್ಟೆ. ಆದರೆ ಎರಡು ವರ್ಷ ನನ್ನ ತೈಲ ಹಚ್ಚಿಕೊಂಡರೂ ತೋಳು ಎತ್ತಲಾಗದಿದ್ದ ನಿಡೋಣಿಯ ಮುದುಕಿಯೊಬ್ಬಳು, ತಲೆಯ ಮೇಲಿನ ಬುಟ್ಟಿಯನ್ನು ಅದೇ ಕೈಯಲ್ಲಿ ಹಿಡಿದು ನನ್ನ ಬಾಗಿಲ ಮುಂದೆ ಹಾದುಹೋದಳು. ಕರೆದು ಕೇಳಿದೆ.

"ತಿಕೋಟಾಕ್ಕ ಹೋಗಿದ್ನಿರಿ. ಆರ ಸಲ ಚುಚ್ಚ್ಯಾರ್ರಿ" ಎಂದಳು, ತಪ್ಪು ಮಾಡಿದವಳ ಹಾಗೆ ಸೆರಗು ಎಳೆದುಕೊಳ್ಳುತ್ತ.

ಅವಳ ತೋಳು ವಾಸಿಯಾದದ್ದಕ್ಕೆ ನನಗೆ ಸಂತೋಷವಾಗಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆ.

ಅದೇ ವಾರ ವಿಜಾಪುರದ ಆರೋಗ್ಯ ಕಚೇರಿಗೆ ಸಹಿಯಿಲ್ಲದ ಅರ್ಜಿ ಬರೆದೆ: ನೋಂದಣಿಯಿಲ್ಲದವನು ಡಾಕ್ಟರ್ ಎಂದು ಬೋರ್ಡು ಹಾಕಿ ಜನರ ಮೈ ಚುಚ್ಚುತ್ತಿದ್ದಾನೆ, ವಿಚಾರಿಸಬೇಕು.

ಅವನಿಗೆ ನೋಟೀಸು ಬಂತು. ಅದನ್ನು ಹಿಡಿದು ನೇರ ನನ್ನ ಹತ್ತಿರವೇ ಬಂದ. ಉರ್ದು ಶಾಲೆಯಲ್ಲಿ ಕಲಿತವನು, ಕನ್ನಡ ಬರೆಯಲು ಬಾರದು. ಕಾಗದ ಪಡೆದವರು ನೀವು, ನನಗೂ ಲೈಸೆನ್ಸು ಸಿಗುವ ಹಾಗೆ ಬರೆದುಕೊಡಿ ಎಂದ. ಇಲ್ಲವೆನ್ನಲು ನೆಪ ಹೊಳೆಯಲಿಲ್ಲ. ಮೂಗರ್ಜಿಯ ಬರಹಕ್ಕೆ ಹೋಲದಿರಲೆಂದು ಬೇಕೆಂದೇ ಅಕ್ಷರ ಓರೆ ಮಾಡಿ ಶುರುಮಾಡಿದೆ. ನಾಲ್ಕು ಸಾಲಿಗೆ ಕೈ ತನ್ನ ರೂಢಿಗೆ ಮರಳಿತು.

ವಿಚಾರಣೆಗೂ ಜೊತೆಗೆ ಕರೆದೊಯ್ದ. ಅಧಿಕಾರಿ ಮೂಗರ್ಜಿ, ಈ ಅರ್ಜಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆದರೆ ಅವರು ಮಾತಾಡಿದ್ದು ಅವನ ಜೊತೆ. ಆಯುರ್ವೇದ, ಯುನಾನಿ, ಹೋಮಿಯೋಪತಿಗೆ ಸರಕಾರದ ನೋಂದಣಿ ಪಟ್ಟಿ ಇದೆ, ಸೂಜಿಗೆ ಇಲ್ಲ. ಪಟ್ಟಿಯೇ ಇಲ್ಲದ್ದಕ್ಕೆ ಲೈಸೆನ್ಸು ಎಲ್ಲಿಂದ ಕೊಡುವುದು? ಬೋರ್ಡಿನಿಂದ ಡಾಕ್ಟರ್ ಎಂಬುದನ್ನು ಅಳಿಸಬೇಕು, ಔಷಧಿ ಮುಟ್ಟಬಾರದು ಎಂದು ಹೇಳಿ ಕಳಿಸಿದರು.

ಬಸ್ಸಿಗೆ ಕಾಯುವಾಗ ಅವನು ಮೆಲ್ಲಗೆ ಅಂದ: "ಆ ಇನ್ನೊಂದ ಕಾಗದಾ ನಾನೂ ನೋಡೇನ್ರಿ, ವೈದ್ಯರ. ಕನ್ನಡ ಓದಾಕ ಬರೂದಿಲ್ಲ ಖರೆ, ಕೈ ಯಾರ್ದಂತ ಗೊತ್ತಾಗತೈತಿ. ನಿಮಗ ಏನ ಕಡಿಮಿ ಆಗಿತ್ರಿ?"

ಅವನು ಬೈಯಲೂ ಇಲ್ಲ, ತಿಕೋಟಾದ ಬಸ್ಸು ಬಂದೊಡನೆ ಹತ್ತಿಹೋದ.

ಮುಂದೆ ಅವನು ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ ಬಾಡಿಗೆಗೆ ಕೋಣೆ ಹಿಡಿದ. ಡಾಕ್ಟರ್ ಎಂಬ ಬೋರ್ಡಿಲ್ಲದಿದ್ದರೂ ನಮ್ಮ ಕಡೆಯವರು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಿದ್ದರು. ಅವನು ದೂರವಾದರೆ ಹೊಟ್ಟೆಕಿಚ್ಚು ಆರುತ್ತದೆ ಎಂದುಕೊಂಡಿದ್ದೆ. ವರ್ಷಗಟ್ಟಲೆ, ಮುಂಜಾನೆಯ ವಿಜಾಪುರದ ಬಸ್ಸಿಗೆ ಯಾರ್ಯಾರು ಕುಂಟುತ್ತ ಹತ್ತುತ್ತಾರೆಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.