ಭಾನುವಾರಕ್ಕೆ ಅರಳಬೇಕಾದ ಹೂವು

ಗೆಳೆಯನ ಕಂಪನಿ ಶುರುವಾದದ್ದು ವಾಲಿಬಾಲಿನಿಂದಲೇ ಅಲ್ಲವೇನೋ, ಹಗ್ಗಜಗ್ಗಾಟ ಇರಬಹುದು. ಗೆಳೆಯ ಮಾತ್ರ ವಾಲಿಬಾಲ್ ಎನ್ನುತ್ತಾನೆ. ಕಂಪನಿಯ ವೆಬ್‌ಸೈಟಿನಲ್ಲೂ ಹಾಗೇ ಹಾಕಿಸಿದ್ದಾನೆ: ಒಂದು ಎಸ್ಟೇಟ್ ವಾಲಿಬಾಲ್ ಪಂದ್ಯದಿಂದ ನಮ್ಮ ಪಯಣ ಶುರುವಾಯಿತು. ಆ ವಾಕ್ಯ ಬರೆದುಕೊಟ್ಟವನು ನಾನೇ ಆದ್ದರಿಂದ ಅದನ್ನು ಎಷ್ಟು ನಂಬಬೇಕೆಂದು ನನಗೆ ತಿಳಿಯುವುದಿಲ್ಲ. ಬರೆದ ಮೇಲೆ ನನಗೂ ಕಾಫಿ ಒಣಗಿಸುವ ಕಣ, ಅದರ ಮೇಲೆ ಎಳೆದ ಸುಣ್ಣದ ಗೆರೆ, ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ನೆಟ್ಟು ಎಲ್ಲ ಸ್ಪಷ್ಟವಾಗಿ ಕಾಣತೊಡಗಿದವು. ಬರೆಯುವ ಮೊದಲೂ ಕಾಣುತ್ತಿದ್ದವೋ ಇಲ್ಲವೋ.

ಮೂಡಿಗೆರೆಯಲ್ಲಿ ಗೆಳೆಯನ ಅಬ್ಬಾನ ಪಂಪು ರಿಪೇರಿ ಅಂಗಡಿ ಇತ್ತು. ಇದು ಖಂಡಿತ, ಅಂಗಡಿ ಈಗಲೂ ಇದೆ. ಕೊಯ್ಲು ಮುಗಿಯುತ್ತಿದ್ದಂತೆ ಸುತ್ತಲಿನ ತೋಟಗಳ ಡೀಸೆಲ್ ಪಂಪುಗಳೆಲ್ಲ ಅಲ್ಲಿಗೆ ಬಂದು ಸಾಲಾಗಿ ಕೂರುತ್ತಿದ್ದವು. ಅವುಗಳ ನಡುವೆ ಒಂದು ಮೂಲೆಯಲ್ಲಿ ಗೆಳೆಯ ಒಂದು ಆಂಪ್ಲಿಫೈಯರ್, ಎರಡು ಹಾರ್ನು ಇಟ್ಟುಕೊಂಡಿದ್ದ. ಪಂದ್ಯಗಳಿಗೆ ಅವನ ಮೈಕು, ನನ್ನ ಬಾಯಿ. ಒಮ್ಮೆ ಔಷಧಿ ಹೊಡೆಯುವ ಯಂತ್ರದ ಡೀಲರ್ ಒಬ್ಬರು ಗೆದ್ದವರಿಗೆ ಕಪ್ಪು ಕೊಡಿಸಿ, ತಮ್ಮ ಹೆಸರನ್ನು ನಾಲ್ಕು ಸಲ ಹೇಳಿ ಎಂದರು. ನಾನು ಉತ್ಸಾಹದಲ್ಲಿ ಪ್ರತಿ ಪಾಯಿಂಟಿಗೂ ಹೇಳಿದೆ. ಸೋಲುತ್ತಿದ್ದ ತಂಡದವನೊಬ್ಬ ಸರ್ವ್ ಮಾಡುವುದನ್ನು ನಿಲ್ಲಿಸಿ, "ಸ್ವಾಮೀ, ನಾವು ಆಡೋದಾ, ಇಲ್ಲ ಔಷಧಿ ಹೊಡಿಯೋದಾ?" ಎಂದ. ಗೆಳೆಯನಿಗೆ ಹೊಳೆದದ್ದು ಆಗಲೇ. ಆಟ ನೋಡಲು ಬಂದವರಿಗೆ ಏನನ್ನಾದರೂ ತೋರಿಸಬಹುದು, ಅದನ್ನು ತೋರಿಸಬೇಕೆನ್ನುವವರೂ ಊರಿನಲ್ಲಿದ್ದಾರೆ.

ಅಂಗಡಿಯಲ್ಲಿ ಅವನ ಮೂಲೆಯ ಬೋರ್ಡು ಬದಲಾಗುತ್ತ ಹೋಯಿತು. ಸೌಂಡ್ಸ್ ಎಂದಿದ್ದದ್ದು ಸೌಂಡ್ಸ್ ಮತ್ತು ಟ್ರೋಫೀಸ್ ಆಯಿತು. ಅಳತೆ ತೆಗೆದುಕೊಂಡು ಜೆರ್ಸಿ ಮಾಡಿಸಿಕೊಡುವುದು ಶುರುವಾಯಿತು. ಕಳಸದ ಒಂದು ತಂಡಕ್ಕೆ ಬೆನ್ನ ಮೇಲೆ ಎಲ್ಲರಿಗೂ ಏಳನೇ ನಂಬರೇ ಬೇಕಾಗಿ, ಅದಕ್ಕಾಗಿ ನಡೆದ ಪಂಚಾಯಿತಿಗೆ ಹೋಲಿಸಿದರೆ ಫೈನಲ್ ಪಂದ್ಯ ಬಹಳ ಶಾಂತವಾಗಿತ್ತು. ಆಮೇಲೆ ಫೋನನ್ನು ಬಿದಿರಿಗೆ ಕಟ್ಟಿ ಟೆನಿಸ್ ಬಾಲ್ ಕ್ರಿಕೆಟ್ಟಿನ ನೇರಪ್ರಸಾರ. ಸಿಗ್ನಲ್ ಸಿಗುವ ದಿಬ್ಬದ ಕಡೆಗೇ ಪಿಚ್ಚನ್ನು ತಿರುಗಿಸಿದ್ದೂ ಉಂಟು. ಬೌಂಡರಿ ಗೆರೆಯ ಬದಿಯ ಫ್ಲೆಕ್ಸುಗಳಿಗೆ ಈಗ ಪ್ರಾಯೋಜಕರು ಎಂಬ ಹೆಸರು ಬಂತು. ಒಂದು ದಿನ ಹೋದಾಗ ಬೋರ್ಡಿನ ಮೇಲೆ ಸ್ಪೋರ್ಟ್ಸ್ ಮಾರ್ಕೆಟಿಂಗ್ ಎಂದಿತ್ತು. ಅಬ್ಬಾ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಅದನ್ನೇ ನೋಡುತ್ತಿದ್ದರು.

"ಅಂದ್ರೆ ಆಟಾನ ಮಾರ್ಕೆಟ್ಟಲ್ಲಿ ಮಾರೋದಾ? ಕೇಜಿ ಲೆಕ್ಕಾನಾ, ಕಟ್ಟಿನ ಲೆಕ್ಕಾನಾ?"

"ಅಬ್ಬಾ, ನಿಮಗೆ ಅರ್ಥ ಆಗಲ್ಲ."

"ನಿನಗೆ ಆಗಿದ್ಯಾ ಅಂತ ಕೇಳ್ದೆ ಅಷ್ಟೇ."

ಇದು ಕಂಪನಿ ಬೆಳೆದ ಕಥೆ. ಆದರೆ ಇದರ ನಡುವೆ ನನ್ನ ಅಕ್ಕನ ಒಂದು ವರ್ಷದ ಬೆಳೆ ಸಿಕ್ಕಿಕೊಂಡಿದೆ. ಅದನ್ನು ಬಿಟ್ಟು ಹೇಳಿದರೆ ವೆಬ್‌ಸೈಟಿನ ಹಾಗೆ ನುಣ್ಣಗಾಗುತ್ತದೆ.

ಅಕ್ಕನ ತೋಟ ಬಣಕಲ್ ಹತ್ತಿರ. ಭಾವ ಚಿಕ್ಕಮಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾರೆ. ತೋಟ ಪೂರ್ತಿ ಅಕ್ಕನದು. ಎಲ್ಲ ರೊಬಸ್ಟಾ ಕಾಫಿ. ಅದರ ಮೊಗ್ಗು ಬಲಿತು ನೀರಿಗಾಗಿ ಕಾಯುತ್ತದೆ. ಒಂದು ಒಳ್ಳೆಯ ಹೂಮಳೆ ಬಿದ್ದರೆ, ಇಲ್ಲವೇ ಸ್ಪ್ರಿಂಕ್ಲರಿನಲ್ಲಿ ಮಳೆಯಷ್ಟೇ ನೀರು ಕೊಟ್ಟರೆ, ವಾರ ಕಳೆದು ಸ್ವಲ್ಪದರಲ್ಲೇ ಒಂದು ಬೆಳಗ್ಗೆ ಗಿಡಗಳೆಲ್ಲ ಬೆಳ್ಳಗಾಗಿರುತ್ತವೆ. ಅರಳಿದ ದಿನ ಮಳೆ ಬರಬಾರದು. ಬಂದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ, ಆ ವರ್ಷದ ಫಸಲು ಅಲ್ಲಿಗೇ ಹೋಯಿತು. ಹೂವಿದ್ದಷ್ಟು ದಿನ ಗಿಡಗಳ ನಡುವೆ ಯಾರೂ ಓಡಾಡುವುದಿಲ್ಲ. ಆಳುಗಳನ್ನು ಬೇಲಿ ಕೆಲಸಕ್ಕೋ ಗೋದಾಮಿನ ಕೆಲಸಕ್ಕೋ ಹಾಕುತ್ತಾರೆ. ತೋಟದ ಮಾಲೀಕರೂ ರಸ್ತೆಯಲ್ಲೇ ನಿಂತು ನೋಡಿ ವಾಪಸು ಬರುತ್ತಾರೆ.

ಇದೆಲ್ಲ ಗೆಳೆಯನಿಗೆ ನನಗಿಂತ ಚೆನ್ನಾಗಿ ಗೊತ್ತು. ಪಂಪುಗಳ ನಡುವೆ ಬೆಳೆದವನು. ಗೊತ್ತಿದ್ದದ್ದರಿಂದಲೇ ಹೂವಿನ ದಿನವನ್ನು ತಾನೇ ಗೊತ್ತುಮಾಡುವ ಯೋಚನೆ ಬಂತು. ಹೊರಗಿನವನಿಗಾದರೆ ಹೂವು ಯಾವಾಗ ಅರಳುತ್ತದೋ ಆಗ ಅರಳುತ್ತದೆ. ಆ ಹೊತ್ತಿಗೆ ಕಂಪನಿ ಊರಿನ ಪಂದ್ಯಗಳನ್ನು ದಾಟಿ, ನಗರದಿಂದ ಬರುವ ಓಟಗಾರರಿಗೆ ಬೆಟ್ಟದ ಓಟ ನಡೆಸತೊಡಗಿತ್ತು. ದಾರಿ ಗುರುತಿಸುವುದು, ಎದೆಗೆ ನಂಬರು, ನೀರಿನ ಟೇಬಲ್ಲು, ಆಂಬುಲೆನ್ಸು, ಹೋಂಸ್ಟೇ, ಸಂಜೆಯೊಳಗೆ ಪ್ರತಿಯೊಬ್ಬರ ಫೋಟೊ ಅವರವರ ಫೋನಿಗೆ. ಮೈಕಿಗೆ ಈಗ ಮಂಗಳೂರಿನಿಂದ ಎರಡು ಭಾಷೆಯ ಹುಡುಗಿ ಬರುತ್ತಿದ್ದಳು. ನಾನು ಪೋಸ್ಟರಿನ ಕನ್ನಡ ಬರೆಯುವವನಾಗಿ ಉಳಿದಿದ್ದೆ. ಬೇಸರವಿತ್ತೇ? ಇರಲಿಲ್ಲ ಎಂದು ನೆನಪು. ಆ ನೆನಪು ತುಸು ಅನುಕೂಲಕರವಾಗಿಯೇ ಇದೆ.

ದೊಡ್ಡ ಶೂ ಕಂಪನಿಯೊಂದು ಒಂದು ಓಟಕ್ಕೆ ಪ್ರಾಯೋಜಕರಾಗಲು ಒಪ್ಪಿಕೊಂಡಿತ್ತು. ಅವರಿಗೆ ಬೇಕಾದದ್ದು ಒಂದೇ ಚಿತ್ರ: ಎರಡೂ ಬದಿಯಲ್ಲಿ ಬಿಳಿ ಹೂವು, ನಡುವೆ ಓಡುವ ಕಾಲುಗಳು. ಗೆಳೆಯ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಕ್ಕನ ಮನೆಗೆ ಹೋದ. ಅಕ್ಕ ಕಣದಲ್ಲಿ ಒಣಗಲು ಹರಡಿದ್ದ ಕೊನೆಯ ಕಾಫಿ ಚೆರ್ರಿ ತಿರುವುತ್ತಿದ್ದಳು.

"ಅಕ್ಕಾ, ನೀವು ಈ ಸಲ ನೀರು ಯಾವತ್ತು ಹಾಕೋದು?"

"ಮೊಗ್ಗು ಬಲಿತ ಮೇಲೆ. ಎಂತಕ್ಕೆ?"

"ಒಂದು ಭಾನುವಾರ ಅರಳೋ ಹಾಗೆ ಹಾಕಬಹುದಾ ಅಂತ."

ಅಕ್ಕ ಕೈಯಲ್ಲಿದ್ದ ಹಲಗೆ ನಿಲ್ಲಿಸಿ ಅವನನ್ನು ನೋಡಿದಳು. "ಅದೇನು ನಿನ್ನ ಮೈಕಾ ಮಾರಾಯ, ಸ್ವಿಚ್ ಹಾಕಿದ್ ಕೂಡ್ಲೆ ಶುರುವಾಗೋಕೆ?"

"ಪಂಪಿನವರ ಮಗ ಅಲ್ವಾ ಅಕ್ಕಾ, ಸ್ವಿಚ್ ನಮ್ಮ ಹತ್ರಾನೇ ಇರೋದು."

"ಸ್ವಿಚ್ ನಿಂದು. ಗಿಡ ನಂದು."

"ಓಡೋರು ರಸ್ತೆ ಬಿಟ್ಟು ಒಬ್ರೂ ಒಳಗೆ ಕಾಲಿಡಲ್ಲ. ಉದ್ದಕ್ಕೂ ಹಗ್ಗ ಕಟ್ಟಿಸ್ತೀನಿ. ನಾನೇ ನಿಂತ್ಕೋತೀನಿ." ಅದರ ಹಿಂದೆಯೇ, "ಪೋಸ್ಟರಲ್ಲಿ ಹೂವು ಹಾಕಿ ಆಗಿದೆ," ಎಂದ.

"ಹಾಕಿ ಆದ್ಮೇಲೆ ಕೇಳೋಕೆ ಬಂದ್ಯಾ? ಹೂವಿಗೂ ಒಂದ್ ಪೋಸ್ಟರ್ ತೋರ್ಸಿ ಬಾ ಹೋಗು. ಅದಕ್ಕೂ ತಾರೀಕು ಗೊತ್ತಿರ್ಲಿ."

ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಊಟ ಹಾಕಿದಳು. ಹೊರಡುವಾಗ, "ಅಬ್ಬಾನಿಗೆ ಹೇಳು, ಪಂಪು ನೀರು ಎತ್ತೋಕೆ ತಕರಾರು ಮಾಡ್ತಿದೆ, ಬಂದು ನೋಡ್ಲಿ," ಎಂದಳು. ಗೆಳೆಯ ಬೈಕ್ ಹತ್ತುತ್ತ, "ಅದು ಹೂಂ ಅಂತ," ಎಂದ. ನನಗೆ ಅದು ಪಂಪಿನ ಮಾತು ಅಷ್ಟೇ ಅನ್ನಿಸಿತ್ತು.

ಅಬ್ಬಾ ಹೋಗಿ ಪಂಪು ಸರಿಮಾಡಿ ಬಂದರು. ಯಾವ ದಿನ ನೀರು ಶುರುವಾಯಿತೆಂದು ಅಕ್ಕ ನಮಗೆ ಹೇಳಲಿಲ್ಲ. ಬಸ್ಸಿನಲ್ಲಿ ಹೋಗುವಾಗ ಸ್ಪ್ರಿಂಕ್ಲರ್ ತಿರುಗುವುದನ್ನು ಕಂಡೆನೆಂದು ಗೆಳೆಯನ ತಮ್ಮ ಹೇಳಿದ. ಗೆಳೆಯ ಬೆರಳಲ್ಲಿ ಎಣಿಸಿ, ಸರಿಯಾಗಿ ಭಾನುವಾರಕ್ಕೇ ಬರುತ್ತದೆ ಎಂದು ಕುಣಿದ. ಹೀಗೇ ನಡೆಯಿತೆಂದು ಅವನು ಹೇಳುತ್ತಾನೆ. ತಮ್ಮ ಮಾತ್ರ ತಾನು ಕಂಡದ್ದು ಪಕ್ಕದ ತೋಟದ ಸ್ಪ್ರಿಂಕ್ಲರ್ ಎನ್ನುತ್ತಾನೆ ಈಗ.

ಸ್ಪ್ರಿಂಕ್ಲರನ್ನು ಒಂದೇ ದಿನ ಇಡೀ ತೋಟಕ್ಕೆ ಹಾಕಲಾಗುವುದಿಲ್ಲ. ಪೈಪು ಬಿಚ್ಚಿ, ಮುಂದಕ್ಕೆ ಎಳೆದು, ಮತ್ತೆ ಜೋಡಿಸಬೇಕು. ಹಾಗಾಗಿ ಹೂವೂ ಆ ಪೈಪಿನ ಹಿಂದೆಯೇ ಸರಿಯುತ್ತ ಬರುತ್ತದೆ. ದಿಬ್ಬದ ಮೇಲಿನ ಭಾಗ ಓಟದ ಹಿಂದಿನ ದಿನವೇ ಅರಳಿತು. ಗೆಳೆಯ ಗಾಬರಿಯಿಂದ ಅಕ್ಕನಿಗೆ ಫೋನ್ ಮಾಡಿದ. ಅಕ್ಕ, "ಕೆಳಗಿಂದು ನಾಳೆಗೆ. ಸುಮ್ನೆ ಮಲ್ಕೋ," ಎಂದಳಂತೆ.

ಭಾನುವಾರ ಬೆಳಗ್ಗೆ ಆ ಪರಿಮಳ. ಮಲ್ಲಿಗೆಯ ಹಾಗೆ ಎಂದು ಪೋಸ್ಟರಿನಲ್ಲಿ ಬರೆದಿದ್ದೆ, ಅದು ಸೋಮಾರಿತನ. ಮಲ್ಲಿಗೆಗೆ ಸಂಜೆಯ ಗುಣವಿದೆ. ಇದು ಬಿಸಿಲಿನ ಪರಿಮಳ, ಜೇನ್ನೊಣಗಳ ಸದ್ದಿನೊಳಗೆ ಬೆರೆತಿರುತ್ತದೆ, ಎರಡನ್ನೂ ಬೇರೆಮಾಡಲು ಬರುವುದಿಲ್ಲ. ತೋಟದ ನಡುವಿನ ಜೀಪು ರಸ್ತೆಯ ಎರಡೂ ಬದಿಗೆ ಹಗ್ಗ ಕಟ್ಟಿತ್ತು. ಗೆಳೆಯ ಕೊಟ್ಟ ಮಾತಿನಂತೆ ಕೆಳಗಿನ ತಿರುವಿನಲ್ಲಿ ತಾನೇ ನಿಂತಿದ್ದ. ಫೋಟೊ ತೆಗೆಸಿಕೊಳ್ಳಲು ಹಗ್ಗ ದಾಟಲು ಹೋದ ಒಬ್ಬರನ್ನು ಕೈಮುಗಿದು ತಡೆದ. ಅವರು ಶೂ ಕಂಪನಿಯ ಮ್ಯಾನೇಜರ್ ಎಂದು ಆಮೇಲೆ ಗೊತ್ತಾಯಿತು.

ನಾನು ಅಕ್ಕನ ಜೊತೆ ನೀರಿನ ಟೇಬಲ್ಲಿನಲ್ಲಿದ್ದೆ. ಕಿತ್ತಳೆ ಬಿಡಿಸಿಡುತ್ತಿದ್ದ ಅವಳು ಆಗಾಗ ದೇವರಮನೆ ಬೆಟ್ಟದ ಕಡೆಯ ಆಕಾಶ ನೋಡುತ್ತಿದ್ದಳು. ಒಂದು ಮೋಡ ಇತ್ತು. ಅಷ್ಟು ಚಿಕ್ಕ ಮೋಡ ಏನು ಮಾಡೀತು ಎನಿಸಿತು ನನಗೆ. ಅದು ನೇರ ನಮ್ಮ ಕಡೆಗೇ ಬಂತು.

ಮಳೆ ಬಹಳ ಹೊತ್ತು ಬರಲಿಲ್ಲ. ಓಟಗಾರರಿಗೆ ಅದಕ್ಕಿಂತ ದೊಡ್ಡ ಸಂಭ್ರಮ ಬೇಕಿರಲಿಲ್ಲ. ಕೈ ಮೇಲೆತ್ತಿ, ಬಾಯಿ ತೆರೆದು, ಹೂವಿನ ನಡುವೆ ನೆನೆಯುತ್ತ ಓಡಿದರು. ಮೈಕಿನ ಹುಡುಗಿ, ಮಲೆನಾಡು ನಿಮ್ಮನ್ನು ಹರಸುತ್ತಿದೆ ಎಂದು ಎರಡೂ ಭಾಷೆಯಲ್ಲಿ ಕೂಗಿದಳು. ಆಮೇಲೆ ಮೈಕ್ ಮಾತು ನಿಲ್ಲಿಸಿತು. ಗೆಳೆಯ ತಿರುವಿನಿಂದ ಏದುಸಿರು ಬಿಡುತ್ತ ಓಡಿಬಂದು ವೈರ್ ಕಿತ್ತಿದ್ದ. ಅದು ಕಂಪನಿಯ ವಿಡಿಯೊದಲ್ಲಿ ಇಲ್ಲ, ಅಲ್ಲಿ ಪೂರ್ತಿ ಸಂಗೀತ ತುಂಬಿಸಿದ್ದಾರೆ.

ಕಾಲೇಜು ಓದುವಂತಿದ್ದ ಒಬ್ಬಳು ಟೇಬಲ್ಲಿಗೆ ಬಂದು ನಗುತ್ತ, "ಆಂಟಿ, ಎಷ್ಟು ಲಕ್ಕಿ ನೀವು. ಹೂವು, ಮಳೆ, ಎರಡೂ ಒಟ್ಟಿಗೆ," ಎಂದಳು.

"ಹೌದಮ್ಮ," ಎಂದು ಅಕ್ಕ ತನ್ನ ಹೆಗಲ ಮೇಲಿದ್ದ ಟವೆಲು ಕೊಟ್ಟಳು. "ತಲೆ ಒರೆಸ್ಕೋ. ನೆಗಡಿ ಆಗತ್ತೆ."

ಗೆಳೆಯ ಬಂದು ಅವಳೆದುರು ನಿಂತ. ಏನೋ ಹೇಳಲು ಹೋದ.

"ನಿನ್ನ ಜನ ಎಲ್ಲಾ ಮುಟ್ಟಿದ್ರಾ?" ಎಂದು ಅಕ್ಕ ಕೇಳಿದಳು.

"ಇನ್ನೂ ಸ್ವಲ್ಪ ಜನ ಇದ್ದಾರೆ."

"ಹಂಗಾದ್ರೆ ಇಲ್ಲಿ ಎಂತ ನಿಂತಿದ್ದೀಯ? ಕೆಳಗೆ ಜಾರತ್ತೆ. ಹೋಗು, ಯಾರಾದ್ರೂ ಬಿದ್ದಾರು."

ಅದಾದ ಮೇಲೆ ಅವನು ಸಮಯ ಸಿಕ್ಕಾಗಲೆಲ್ಲ ಅಕ್ಕನ ತೋಟಕ್ಕೆ ಹೋಗುತ್ತಿದ್ದ. ಕೆಳಗಿನ ಭಾಗದ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಒಣಗಿದ ಹೂವನ್ನು ಊದಿ, ಅದರ ಬುಡದಲ್ಲಿ ಹಸಿರು ಕಾಣುತ್ತದೋ ಎಂದು ನೋಡುತ್ತಿದ್ದ. ಅಕ್ಕ ಅವನಿಗೆ, "ಕಾಯಿ ಕಚ್ಚೋದನ್ನ ನೇರಪ್ರಸಾರ ಮಾಡ್ತೀಯಾ?" ಎನ್ನುವಳು. ಅವನು ನಗುತ್ತಿರಲಿಲ್ಲ. ಅಬ್ಬಾ ಮಾತ್ರ ಒಂದು ದಿನ ತಾವೇ ಬಸ್ಸಿನಲ್ಲಿ ಹೋಗಿ, ಯಾರೂ ಕರೆಯದಿದ್ದರೂ ಪಂಪನ್ನು ಇನ್ನೊಮ್ಮೆ ಬಿಚ್ಚಿ ಜೋಡಿಸಿ, ಕಾಫಿ ಕುಡಿದು ಬಂದರು.

ಓಟ ಮಾತ್ರ ಗೆದ್ದಿತು. ಆ ಚಿತ್ರ, ಮಳೆಯ ಹನಿಯೂ ಸೇರಿ, ಶೂ ಕಂಪನಿಯವರು ಕೇಳಿದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಈಗ ಕಂಪನಿಗೆ ಚಿಕ್ಕಮಗಳೂರಿನಲ್ಲಿ ಆಫೀಸಿದೆ. ಶಾಲೆಗಳ ಕ್ರೀಡಾಕೂಟ ನಡೆಸಿಕೊಡುತ್ತದೆ, ಒಳ್ಳೆಯ ಆಟಗಾರರ ತುಣುಕು ವಿಡಿಯೊ ಮಾಡಿ ನಗರದ ಕ್ಲಬ್ಬುಗಳಿಗೆ ಕಳಿಸುತ್ತದೆ, ಕಂಪನಿಗಳ ನೌಕರರನ್ನು ಕರೆತಂದು ಕೆಸರುಗದ್ದೆಯಲ್ಲಿ ಆಡಿಸುತ್ತದೆ. ಕೆಸರಿನಲ್ಲಿ ಬಿದ್ದ ದೊಡ್ಡ ಅಧಿಕಾರಿಗಳ ಫೋಟೊಗಳಿಗೆ ಬಹಳ ಬೇಡಿಕೆ. ಹೂವಿನ ಓಟವನ್ನು ಗೆಳೆಯ ನಿಲ್ಲಿಸಿಬಿಟ್ಟ. ಎಷ್ಟೋ ಜನ ಫೋನ್ ಮಾಡಿ ಕೇಳುತ್ತಾರೆ. ಆ ಸೇವೆ ಈಗ ಇಲ್ಲ ಎನ್ನುತ್ತಾನೆ, ಕಾರಣ ಹೇಳುವುದಿಲ್ಲ. ಬೆಟ್ಟದ ಓಟ ಈಗ ಮಳೆಗಾಲ ಮುಗಿದ ಮೇಲೆ, ಊರ ರಸ್ತೆಗಳಲ್ಲಿ.

ಆ ವರ್ಷದ ಕೊಯ್ಲಿನಲ್ಲಿ ಮೇಲಿನ ಭಾಗ ಚೆನ್ನಾಗಿ ಬಂತು. ಕೆಳಗಿನ ಭಾಗದಲ್ಲಿ ಗೊಂಚಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ. ಯಾಕೆ ಹೀಗೆಂದು ನಾನು ಅಕ್ಕನನ್ನು ಕೇಳಿದೆ. ಒಂದು ಸಲವಲ್ಲ. ಮೊದಲು ಕೇಳಿದಾಗ, "ಕೆಳಗೆ ನೆರಳು ಜಾಸ್ತಿ, ಹಳೇ ಗಿಡ, ಯಾವಾಗ ಬಂದಿದೆ ಅಲ್ಲಿ ಫಸಲು?" ಎಂದಳು. ಇನ್ನೊಮ್ಮೆ, ಕೊಂಬೆ ಕತ್ತರಿಸುತ್ತಿದ್ದಾಗ, ಕತ್ತರಿಯಿಂದ ಕಣ್ಣೆತ್ತದೆ, "ನೀರು ಹಾಕೋಕೆ ಇನ್ನೊಂದ್ ನಾಲ್ಕ್ ದಿನ ತಡೀಬಹುದಿತ್ತು," ಎಂದಳು. ನಮಗಾಗಿ ಅವಸರ ಮಾಡಿದೆಯಾ ಎಂದದ್ದಕ್ಕೆ, "ನನ್ನ ತೋಟ, ನನ್ನ ನೀರು. ನಿಮ್ಮನ್ನ ಕೇಳಿ ಹಾಕ್ತೀನಾ ನಾನು?" ಎಂದು ನನ್ನ ಕೈಗೆ ಕತ್ತರಿಸಿದ ಕೊಂಬೆಗಳ ಹೊರೆ ಕೊಟ್ಟಳು. ಇವನ್ನು ಅವಳು ಇದೇ ಕ್ರಮದಲ್ಲಿ ಹೇಳಿದಳೆಂದೂ ಆಣೆಯಿಟ್ಟು ಹೇಳಲಾರೆ. ನಾಲ್ಕು ದಿನದ ಮಾತು ಕೊನೆಯದಾಗಿದ್ದರೆ ಅರ್ಥವೇ ಬೇರೆ.

ಅವಳು ಪಂಪು ಶುರುಮಾಡಿದ್ದು ಮೊಗ್ಗು ನೋಡಿಯೋ ನಮ್ಮ ಭಾನುವಾರ ನೋಡಿಯೋ ನನಗೆ ಗೊತ್ತಿಲ್ಲ. ನಾಲ್ಕು ದಿನ ತಡೆದಿದ್ದರೂ ಅರಳಿದ ಹೂವಿನ ಮೇಲೆ ಇನ್ನೊಂದು ಮಳೆ ಬೀಳುತ್ತಿತ್ತೋ ಏನೋ, ಅದೂ ಗೊತ್ತಿಲ್ಲ. ಗೆಳೆಯ ಕೇಳುವ ಧೈರ್ಯ ಮಾಡಿಲ್ಲ. ಅಕ್ಕನಿಗೆ ಗೊತ್ತಿದೆ ಎಂದುಕೊಂಡಿದ್ದೇನೆ, ಅದು ನನ್ನ ಊಹೆ.